ಬೆಟ್ಟದ ವೇಗ ಅಳೆದ ಟೀಚರ್

ಈ ಸಲ ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ವಿಜ್ಞಾನದ ಟೀಚರ್ ನಿವೃತ್ತರಾದರು. ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಯಾರೋ ಬೀಳ್ಕೊಡುಗೆ ಸಮಾರಂಭದ ಫೋಟೋ ಹಾಕಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮೇಜಿನ ಮೇಲಿವೆ. ವೇದಿಕೆಯ ಮೇಲೆ ಊರಿನ ಗಣ್ಯರು ಸಾಲಾಗಿ ಕೂತಿದ್ದಾರೆ. ನಡುವಿನ ಕುರ್ಚಿ ಮಾತ್ರ ಖಾಲಿ. ಟೀಚರ್ ಎಲ್ಲಿ ಎಂದು ಕೇಳಿದೆ. ಆ ಶಾಲೆಯಲ್ಲೇ ಈಗ ಗುಮಾಸ್ತೆಯಾಗಿರುವ ನನ್ನ ಗೆಳತಿ ಮಲ್ಲಿಕಾ ಉತ್ತರ ಕಳಿಸಿದಳು: 'ಒಂಬತ್ತನೇ ಕ್ಲಾಸಿಗೆ ಒಂದು ಲೆಕ್ಕ ಬಾಕಿ ಉಟ್ಟು, ಮುಗಿಸಿ ಬರ್ತೇನೆ ಅಂತ ಹೋದ್ರು ಕಣೇ. ಕೊನೇ ಬೆಲ್ ಹೊಡೆದ ಮೇಲೇ ಬಂದಿದ್ದು. ಅಷ್ಟ್ರಲ್ಲಿ ಅಧ್ಯಕ್ಷರು ಎದ್ದು ಹೋಗಿದ್ರು.'

ಮೂರ್ನಾಡಿನ ನನ್ನ ಔಷಧಿ ಅಂಗಡಿಯಲ್ಲಿ ನಿಂತು ಅದನ್ನು ಓದಿ ಒಬ್ಬಳೇ ನಕ್ಕೆ. 'ಉಟ್ಟು' ಎನ್ನುವ ಆ ಮಾತನ್ನು ಕೇಳಿ ಎಷ್ಟು ದಿನವಾಗಿತ್ತು!

ಟೀಚರ ಊರು ಕೇರಳದ ಗಡಿಗೆ ಅಂಟಿಕೊಂಡ ಕರಿಕೆ. ಮನೆಮಾತು ಅರೆಭಾಷೆ. ಸೋಮವಾರಪೇಟೆ ಕಡೆಯ ನಮ್ಮ ಶಾಲೆಗೆ ವರ್ಗವಾಗಿ ಬಂದು ವರ್ಷಗಳೇ ಆಗಿದ್ದರೂ, ಪಾಠ ರಂಗೇರಿದಾಗ 'ಇದೆ' ಎನ್ನುವ ಕಡೆ ಬಾಯಿಂದ 'ಉಟ್ಟು' ಎಂದೇ ಬರುತ್ತಿತ್ತು. "ಈ ವಸ್ತುವಿನ ಮೇಲೆ ಬಲ ಯಾವ ದಿಕ್ಕಿಗೆ ಉಟ್ಟು?" ಎಂದರೆ ಹಿಂದಿನ ಬೆಂಚಿನಿಂದ ಯಾರಾದರೂ, "ಸೀರೆ ಉಟ್ಟು ಟೀಚರ್" ಎನ್ನುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ನಮ್ಮ ಜೊತೆ ನಕ್ಕು, ನಗು ಮುಗಿದ ಮೇಲೆ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಮತ್ತೆ ಕೇಳುತ್ತಿದ್ದರು. ಊಟದ ಬೆಲ್ ಹೊಡೆದರೆ ನಮ್ಮ ಅಂಗಳದಲ್ಲಿ ಕೊಡವ ತಕ್ಕ್, ತಮಿಳು, ಮಲಯಾಳ, ತುಳು, ಉರ್ದು ಎಲ್ಲ ಒಟ್ಟಿಗೆ ಕೇಳುತ್ತಿದ್ದವು. ಅದರ ನಡುವೆ ಅವರದೂ ಒಂದು.

ಗಿಡ್ಡ ಆಳು. ಗಂಡಸರು ಹಿಡಿಯುವಂಥ ದೊಡ್ಡ ಕರಿ ಕೊಡೆ. ಮಳೆಗಾಲ ಪೂರ್ತಿ ಸೀರೆಯ ಕೆಳಗೆ ಗಂಬೂಟು. ಸ್ಟಾಫ್ ರೂಮಿನಲ್ಲಿ ಕೂತಿದ್ದನ್ನು ನಾವು ಕಂಡದ್ದೇ ಕಡಿಮೆ. ಕ್ಲಾಸಿನಲ್ಲಂತೂ ಕುರ್ಚಿ ಮುಟ್ಟುತ್ತಿರಲಿಲ್ಲ. ನಮ್ಮ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಅವರದೊಂದು ವಿಚಿತ್ರ ಕಾಯಿದೆಯಿತ್ತು. ಉತ್ತರ ಬಾರದಿದ್ದರೆ ಏನೇನೋ ತುಂಬಿಸಬಾರದು. 'ಗೊತ್ತಿಲ್ಲ' ಎಂದು ಬರೆದು, ಅದರ ಕೆಳಗೆ ಅದನ್ನು ತಿಳಿದುಕೊಳ್ಳಲು ಏನು ಮಾಡಬಹುದು ಎಂದು ಒಂದು ಸಾಲು ಬರೆಯಬೇಕು. ಆ ಸಾಲು ಸರಿಯಿದ್ದರೆ ಅರ್ಧ ಅಂಕ. ಹೆಡ್ ಮಾಸ್ತರರು ಇದೇನು ಹುಚ್ಚಾಟ ಎಂದು ಕೇಳಿದಾಗ, "ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಧೈರ್ಯ ಬೇಕಲ್ವಾ ಸಾರ್? ಅದಕ್ಕೆ ಅರ್ಧ ಅಂಕ ಜಾಸ್ತಿಯಾ?" ಎಂದರಂತೆ.

ವೇಗೋತ್ಕರ್ಷದ ಪಾಠವನ್ನು ಅವರು ಶುರು ಮಾಡಿದ್ದು ಬಸ್ಸಿನಲ್ಲಿ. ಬೆಳಿಗ್ಗೆ ಸೋಮವಾರಪೇಟೆಯಿಂದ ಹೊರಡುವ ಬಸ್ಸಿನಲ್ಲೇ ಅವರೂ ಅರ್ಧ ತರಗತಿಯೂ ಬರುತ್ತಿದ್ದರು. ಮನೆ ಶಾಲೆಯ ಹತ್ತಿರವೇ ಇದ್ದರೂ ಬಸ್ಸಿನ ಮೋಜಿಗೆಂದು ನಾನು ಹಿಂದಿನ ಸ್ಟಾಪಿನವರೆಗೆ ನಡೆದು ಹೋಗಿ ಹತ್ತುತ್ತಿದ್ದೆ. ಒಂದು ದಿನ ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯೊಂದನ್ನು ಡ್ರೈವರ್ ಹಿಂದಿನ ಕಟ್ಟೆಯ ಮೇಲೆ ಬಸ್ಸಿನ ಉದ್ದಕ್ಕೆ ಮಲಗಿಸಿ, ಉರುಳದಂತೆ ದಾರದಿಂದ ಕಟ್ಟಿದರು. ಬಸ್ಸು ಹೊರಟಾಗ ನೀರು ಹಿಂದಕ್ಕೆ ಏರಿತು. ನೇರ ರಸ್ತೆಯಲ್ಲಿ ಸಮನಾಗಿ ಓಡುವಾಗ ಮಟ್ಟಸವಾಗಿ ನಿಂತಿತು. ಬ್ರೇಕು ಒತ್ತಿದಾಗ ಮುಂದಕ್ಕೆ ನುಗ್ಗಿತು.

"ಈಗ ಬಸ್ಸು ಜೋರಾಗಿ ಹೋಗ್ತಾ ಉಟ್ಟಲ್ಲ, ನೀರಿಗೆ ಗೊತ್ತುಂಟಾ?" ಎಂದರು.

ನೀರು ಅಲ್ಲಾಡದೆ ನಿಂತಿತ್ತು. "ಇಲ್ಲ ಟೀಚರ್" ಎಂದೆವು.

"ಹಾಗಾದ್ರೆ ನೀರಿಗೆ ಗೊತ್ತಾಗುದು ಎಂತದು?"

ಅದಕ್ಕೆ ಉತ್ತರ ಸಿಗಲು ನಮಗೆ ಎರಡು ತಿರುವು ಬೇಕಾದವು. ವೇಗ ಗೊತ್ತಾಗುವುದಿಲ್ಲ, ವೇಗ ಬದಲಾಗುವುದು ಗೊತ್ತಾಗುತ್ತದೆ. ಯಾರೋ ಅದನ್ನು ಕೂಗಿ ಹೇಳಿದಾಗ ಟೀಚರ್ ಬಸ್ಸಿನ ಕಂಬ ಹಿಡಿದುಕೊಂಡೇ ಒಂದು ಸಣ್ಣ ಕುಪ್ಪಳಿಕೆ ಹಾಕಿದರು. ಆ ಬಾಟಲಿ ಅಲ್ಲೇ ಉಳಿಯಿತು. ಡ್ರೈವರ್ ಬಸಪ್ಪನಿಗೆ ಅದೊಂದು ಗ್ರಹಚಾರವಾಯಿತು. ಅವನು ಬ್ರೇಕು ಒತ್ತಿದಾಗೆಲ್ಲ ನಾವು 'ಋಣ ವೇಗೋತ್ಕರ್ಷ ಜಾಸ್ತಿಯಾಯ್ತು ಬಸಪ್ಪಣ್ಣ' ಎಂದು ಕಿರುಚುತ್ತಿದ್ದೆವು. "ಏನ್ ಟೀಚರ್ ಇದು, ನನ್ ಡ್ರೈವಿಂಗಿಗೆ ಮಾರ್ಕ್ಸ್ ಹಾಕೋಕ್ ಮಕ್ಳನ್ನ ಬಿಟ್ಟಿದೀರಾ" ಎಂದು ಗೊಣಗುತ್ತಲೇ ಅವನು ನಯವಾಗಿ ಓಡಿಸುವುದನ್ನು ಕಲಿತುಬಿಟ್ಟ.

ಸಾಪೇಕ್ಷ ಚಲನೆಗೆ ಆಟದ ಮೈದಾನ. ನನ್ನನ್ನೂ ಮಲ್ಲಿಕಾಳನ್ನೂ ಅಕ್ಕಪಕ್ಕ ನಡೆಸಿ, ಒಬ್ಬರ ಮುಖ ಒಬ್ಬರು ಬಿಟ್ಟು ಬೇರೇನೂ ನೋಡಬಾರದು ಎಂದರು. ನಡೆದೆವು. "ಈಗ ಹೇಳು, ಮಲ್ಲಿಕಾ ಚಲಿಸ್ತಾ ಇದ್ದಾಳಾ?" ಎಂದು ದೂರದಿಂದ ಕೂಗಿದರು. ನನ್ನ ಕಣ್ಣಿಗೆ ಅವಳ ಮುಖ ಇದ್ದಲ್ಲೇ ಇತ್ತು. ಮಲ್ಲಿಕಾಳೇ ತಿರುಗಿ, "ಯಾರು ನೋಡಿ ಹೇಳ್ಬೇಕು ಟೀಚರ್?" ಎಂದು ಕೇಳಿದಳು. ಟೀಚರ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಇಡೀ ಪಾಠ ಈ ಹುಡುಗಿ ಒಂದು ಪ್ರಶ್ನೆಯಲ್ಲಿ ಹೇಳಿಬಿಟ್ಳು" ಎಂದು ಎಲ್ಲರೆದುರು ಅವಳ ಬೆನ್ನು ತಟ್ಟಿದರು.

ಮಲ್ಲಿಕಾ ಎಸ್ಟೇಟಿನ ಲೈನಿನ ಹುಡುಗಿ. ಶಾಲೆಯ ಎದುರಿಗೆ ಒಂದು ಹೊಳೆ. ಅದರಾಚೆ ಕಾಫಿ ತೋಟದ ಇಳಿಜಾರು, ಇಳಿಜಾರಿನ ಬುಡದಲ್ಲಿ ಕೂಲಿಯವರ ಮನೆಗಳು. ಒಂದಕ್ಕೊಂದು ಅಂಟಿಕೊಂಡು ಸಾಲಾಗಿದ್ದ ಆ ಮನೆಗಳಿಗೆ ಲೈನು ಎನ್ನುತ್ತಿದ್ದರು. ಅವಳ ತಾಯಿ ಸೆಲ್ವಿ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ನನ್ನ ಅಪ್ಪ ಅದೇ ತೋಟದ ರೈಟರ್, ಅಂದರೆ ಆಳುಗಳ ಹಾಜರಿ ಬರೆದು ಕೆಲಸ ಹಂಚುವವರು. ಲೈನಿನ ಕೊನೆಯಲ್ಲಿ ನಮ್ಮದೂ ಒಂದು ಸಣ್ಣ ಹೆಂಚಿನ ಮನೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದ ಆ ವರ್ಷ ಮಳೆ ಹೊಯ್ದ ರೀತಿಯೇ ಬೇರೆ. ಒಂದು ಬೆಳಿಗ್ಗೆ ಮಲ್ಲಿಕಾ ತಡವಾಗಿ ಬಂದಳು. ಕಾರಣ ಕೇಳಿದರೆ, "ಮನೆ ಬಾಗ್ಲು ಹಾಕೋಕ್ಕೆ ಆಗ್ತಿಲ್ಲ ಟೀಚರ್. ಮಳೆಗೆ ಉಬ್ಕೊಂಡೈತೆ ಅಂತ ಅಮ್ಮ ಮಚ್ಚಲ್ಲಿ ಕೆತ್ತುತಾ ಇದ್ರು" ಎಂದಳು. ಬೇರೆ ಮಾಸ್ತರರಾಗಿದ್ದರೆ ಕೂತುಕೋ ಎನ್ನುತ್ತಿದ್ದರು. ಟೀಚರ್ ಸೀಮೆಸುಣ್ಣ ಕೆಳಗಿಟ್ಟರು.

"ಬಾಗಿಲಿನ ಯಾವ ಮೂಲೆ ಸಿಕ್ಕಿಕೊಳ್ತದೆ?"

"ಮೇಲಿಂದು. ಬೀಗ ಹಾಕೋ ಕಡೆದು."

"ಮರ ಉಬ್ಬಿದ್ರೆ ಇಡೀ ಬಾಗಿಲು ಬಿಗಿ ಆಗ್ಬೇಕು. ಒಂದೇ ಮೂಲೆ ಯಾಕೆ?"

ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮಿಬ್ಬರ ಜೊತೆ ಹೊಳೆ ದಾಟಿ ಬಂದರು. ಬಾಗಿಲ ಚೌಕಟ್ಟನ್ನು ನೋಡಿದರು. ಆಮೇಲೆ ಕೊಡೆ ಮಡಚಿ, ಜಿಗಣೆಗಳಿಗೆ ಸೊಪ್ಪು ಹಾಕದೆ, ಕಾಫಿ ಗಿಡಗಳ ನಡುವೆ ನೇರ ಮೇಲಕ್ಕೆ ಹತ್ತಿದರು. ಲೈನಿನಿಂದ ಸಾಕಷ್ಟು ಮೇಲೆ, ತರಗೆಲೆಯ ಅಡಿಯಲ್ಲಿ, ನೆಲ ಸೀಳಿತ್ತು. ಬೆರಳು ತೂರಿಸುವಷ್ಟು ಅಗಲದ ಬಿರುಕು ಇಳಿಜಾರಿಗೆ ಅಡ್ಡವಾಗಿ, ಕಣ್ಣಿಗೆ ಕಾಣುವಷ್ಟು ದೂರ ಹೋಗಿತ್ತು. ಟೀಚರ್ ಅದರ ಆಚೆಗೊಂದು ಈಚೆಗೊಂದು ಗೂಟ ಹೊಡೆಸಿ, ಎರಡರ ನಡುವಿನ ಅಂತರವನ್ನು ಶಾಲೆಯ ಟೇಪಿನಿಂದ ಅಳೆದರು.

"ಎಲ್ಲಾ ಇದ್ದಲ್ಲೇ ಐತಲ್ಲ ಟೀಚರ್," ಎಂದರು ನಮ್ಮ ಹಿಂದೆಯೇ ಹತ್ತಿ ಬಂದ ಸೆಲ್ವಿ. "ಮರ ಅಲ್ಲೇ ಐತೆ, ಮನೆ ಅಲ್ಲೇ ಐತೆ, ಕರೆಂಟ್ ಕಂಬ ಅಲ್ಲೇ ಐತೆ."

ಟೀಚರ್ ಮಲ್ಲಿಕಾಳ ಮುಖ ನೋಡಿದರು. ಮಲ್ಲಿಕಾ ಮೆಲ್ಲಗೆ, "ಅಮ್ಮಾ, ಎಲ್ಲಾ ಒಟ್ಟಿಗೆ ಹೋಗ್ತಿದ್ರೆ ನಮ್ಗೆ ಗೊತ್ತಾಗಲ್ಲ" ಎಂದಳು. ಮೈದಾನದಲ್ಲಿ ನಕ್ಕುಕೊಂಡು ಕಲಿತಿದ್ದ ಪಾಠ ನೆನಪಾಗಿ ನಾನು ಕಾಲ ಕೆಳಗಿನ ನೆಲವನ್ನೇ ನೋಡಿದೆ.

ಅಂದಿನಿಂದ ದಿನವೂ ಬೆಳಿಗ್ಗೆ ಸಂಜೆ ನಾನೂ ಮಲ್ಲಿಕಾಳೂ ಗೂಟದಿಂದ ಗೂಟಕ್ಕೆ ಅಳೆದು ಟೀಚರಿಗೆ ಹೇಳುವುದು. ಅವರು ಕರಿಹಲಗೆಯ ಒಂದು ಮೂಲೆಯಲ್ಲಿ ಚೌಕಳಿ ಎಳೆದು, 'ಅಳಿಸಬೇಡಿ' ಎಂದು ಬರೆದು, ಪ್ರತಿ ಅಳತೆಗೂ ಒಂದು ಚುಕ್ಕೆ ಇಡುತ್ತಿದ್ದರು. ಮೊದಲಿಗೆ ಚುಕ್ಕೆಗಳು ಒಂದು ಸರಳ ರೇಖೆಯಲ್ಲಿ ಓರೆಯಾಗಿ ಏರಿದವು. ಸಮ ವೇಗ, ಎಂದರು. ಮಳೆ ನಿಂತರೆ ಇದೂ ನಿಲ್ಲಬಹುದು ಎಂದರು. ಮಳೆ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾವು ಹೇಳಿದ ಅಳತೆಯನ್ನು ಗುರುತಿಸಿದಾಗ ಚುಕ್ಕೆ ಗೆರೆಯ ಮೇಲೆ ಕೂರಲಿಲ್ಲ, ತುಸು ಮೇಲೆ ಹೋಯಿತು. ಸಂಜೆಯದು ಇನ್ನೂ ಮೇಲೆ. ಮರುದಿನದ್ದು ಮತ್ತೂ ಮೇಲೆ. ಟೀಚರ್ ಚುಕ್ಕೆಗಳನ್ನು ಕೂಡಿಸಿ ಗೆರೆ ಎಳೆದರು. ಗೆರೆ ಬಾಗಿ ಎದ್ದು ನಿಂತಿತ್ತು. ಅವರು ಹಿಂದೆ ಸರಿದು ಮೊದಲ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಕ್ಲಾಸಿನಲ್ಲಿ ಅವರು ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

"ಟೀಚರ್, ಬೀಳುತ್ತಾ?" ಎಂದೆ.

"ಗೊತ್ತಿಲ್ಲ," ಎಂದರು. "ಹೋಗ್ತಾ ಉಟ್ಟು ಅನ್ನುದು ನನಗೆ ಹೆದರಿಕೆ ಅಲ್ಲ. ಹೆಚ್ತಾ ಉಟ್ಟು."

ಆ ದಿನವೇ ತಾಲ್ಲೂಕು ಕಚೇರಿಗೆ ಫೋನು ಮಾಡಿದರು. ಫೋಟೋ ಕಳಿಸಿ, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಲೈನಿನ ಜನ ಎದ್ದು ಹೊರಡಬೇಕೆಂದರೆ ಅಪ್ಪನ ಮಾತು ಬೇಕು. ಅಪ್ಪನದು ಇನ್ನೊಂದು ಕಷ್ಟ. ಧಣಿಗಳು ಊರಲ್ಲಿಲ್ಲ, ಫೋನಿನಲ್ಲಿ ಕೇಳಿದರೆ, 'ಟೀಚರಮ್ಮನ ಮಾತು ಕೇಳ್ಕೊಂಡು ಲೈನು ಖಾಲಿ ಮಾಡ್ಸಿದ್ರೆ ಆಳುಗಳು ವಾಪಸ್ ಬರ್ತಾರೇನ್ರೀ?' ಎಂದಿದ್ದರು.

"ನೋಡಿ ಟೀಚರ್," ಎಂದರು ಅಪ್ಪ, "ನಾನು ಹುಟ್ಟಿದ್ದು ಇಲ್ಲಿ. ಈ ಗುಡ್ಡ ಎಂತೆಂಥಾ ಮಳೆ ಕಂಡೈತೆ. ಬೇರು ಹಿಡ್ಕೊಂಡಿರೋ ನೆಲ ಇದು. ನೀವು ಪುಸ್ತಕದಲ್ಲಿ ನೋಡಿ ಹೇಳ್ತಿದೀರ."

ಟೀಚರ್ ವಾದ ಮಾಡಲಿಲ್ಲ. "ಬೇಲಿ ಪಕ್ಕ ಆ ಸಿಲ್ವರ್ ಓಕ್ ಸಾಲು ನೆಟ್ಟದ್ದು ಯಾರು?" ಎಂದು ಕೇಳಿದರು.

"ನಾನೇ. ಹಗ್ಗ ಕಟ್ಟಿ ನೆಡ್ಸಿದ್ದು. ಒಂದ್ ಗಿಡ ಆ ಕಡೆ ಈ ಕಡೆ ಇಲ್ಲ."

"ಹಾಗಾದ್ರೆ ಬನ್ನಿ. ನೀವೇ ನೋಡಿ ಹೇಳಿ. ನಾನು ಎಂತದೂ ಹೇಳುದಿಲ್ಲ."

ಆ ಸಾಲು ಇಳಿಜಾರಿಗೆ ಅಡ್ಡವಾಗಿ, ಬಿರುಕು ಮುಟ್ಟದ ಒಂದು ಬಂಡೆಯ ಕಡೆಯಿಂದ ಶುರುವಾಗಿ ಲೈನಿನ ಮೇಲುಗಡೆ ಹಾದುಹೋಗುತ್ತಿತ್ತು. ಬಂಡೆಯ ಪಕ್ಕದ ಮೊದಲ ಮರದ ಹಿಂದೆ ಅಪ್ಪ ನಿಂತರು. ಗಿಡ ನೆಡುವಾಗ ಸಾಲು ನೋಡುವ ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿದರು. ನೆಟ್ಟ ಹಾಗೆಯೇ ಇದ್ದರೆ ಮೊದಲ ಮರ ಉಳಿದ ಎಲ್ಲ ಮರಗಳನ್ನೂ ಮರೆಮಾಡಬೇಕು. ಮೊದಲ ಕೆಲವು ಹಾಗೇ ಮರೆಯಾಗಿದ್ದವು. ಅದರಾಚೆಯವು ಎಲ್ಲವೂ, ಒಂದು ಮರದ ದಪ್ಪದಷ್ಟು, ಕೆಳಗಿನ ಮಗ್ಗುಲಿಗೆ ಇಣುಕುತ್ತಿದ್ದವು. ನೆಟ್ಟಗೆ, ಒಂದೂ ವಾಲದೆ, ಒಟ್ಟಿಗೆ.

ಅಪ್ಪ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. "ಎಲ್ಲಿ ಇಟ್ಕೊಳ್ಳೋದು ಇಷ್ಟು ಜನಾನ?" ಎಂಬ ಒಂದೇ ಮಾತು ಬಂತು.

"ಶಾಲೆ ಬೀಗದ ಕೈ ನನ್ನ ಹತ್ರ ಉಟ್ಟು," ಎಂದರು ಟೀಚರ್. ಹೆಡ್ ಮಾಸ್ತರರನ್ನು ಅವರು ಇನ್ನೂ ಕೇಳಿರಲೇ ಇಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಬೆಳಿಗ್ಗೆ ಕೆಲಸಕ್ಕೆ ಕರೆಯಲೆಂದು ಲೈನಿನ ಮುಂದೆ ತೂಗುಹಾಕಿದ್ದ ಕಬ್ಬಿಣದ ತುಂಡನ್ನು ಅಪ್ಪ ಮಧ್ಯಾಹ್ನದ ಮಳೆಯಲ್ಲಿ ನಿಂತು ಬಡಿದರು. ಜನ ಗೊಣಗಿದರು, ಒಲೆ ಮೇಲಿನ ಅನ್ನ ಬಿಟ್ಟು ಹೇಗೆ ಬರುವುದೆಂದರು. ಆದರೂ ರೈಟರ್ ಮನೆಯ ಪಾತ್ರೆಪಗಡವೇ ಜೀಪು ಹತ್ತಿದ್ದನ್ನು ನೋಡಿ ಒಬ್ಬೊಬ್ಬರಾಗಿ ಹೊರಟರು. ಸಂಜೆಯೊಳಗೆ ಎಲ್ಲರೂ ಹೊಳೆ ದಾಟಿ ಶಾಲೆ ಸೇರಿದ್ದೆವು.

ಮರುದಿನ ಬೆಳಿಗ್ಗೆ, ಗಂಜಿ ಕುಡಿಯುವ ಹೊತ್ತಿನಲ್ಲಿ, ಗುಡ್ಡ ಬಂತು. ಬಿತ್ತು ಎನ್ನಲು ನನಗೆ ಮನಸ್ಸು ಬರುವುದಿಲ್ಲ, ನಾನು ಕಂಡದ್ದು ಹಾಗಲ್ಲ. ಮೊದಲು ಒಂದು ಗುಡುಗಿನಂಥ ಸದ್ದು, ಆದರೆ ಆಕಾಶದಿಂದಲ್ಲ. ನಾವು ವರಾಂಡಕ್ಕೆ ಓಡಿಬಂದಾಗ ಎದುರಿನ ಇಳಿಜಾರಿನ ಮರಗಳು ನಿಂತುಕೊಂಡೇ ಕೆಳಕ್ಕೆ ಬರುತ್ತಿದ್ದವು. ಕಾಫಿ ಗಿಡ, ಕರೆಂಟ್ ಕಂಬ, ಬೇಲಿ, ಎಲ್ಲವೂ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ. ನಿಧಾನಕ್ಕೆ ಹೊರಟದ್ದು ನೋಡನೋಡುತ್ತಿದ್ದಂತೆ ಓಟವಾಯಿತು. ಆಮೇಲೆ ಮರಗಳು ಒಂದರ ಮೇಲೊಂದು ಮುರಿದವು. ಕೆಂಪು ಮಣ್ಣು ಲೈನನ್ನು ನುಂಗಿ, ನಮ್ಮ ಮನೆಯನ್ನು ನುಂಗಿ, ಹೊಳೆಯನ್ನು ಅರ್ಧ ಮುಚ್ಚಿ ನಿಂತಿತು.  

ಎಲ್ಲರೂ ಗುಡ್ಡ ನೋಡುತ್ತಿದ್ದರೆ ಟೀಚರ್ ಗುಡ್ಡಕ್ಕೆ ಬೆನ್ನು ಹಾಕಿ ನಿಂತಿದ್ದರು. ಅಪ್ಪನ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು, ಕ್ಲಾಸಿನಲ್ಲಿ ಕೂಗುವ ದನಿಯಲ್ಲೇ ಒಂದೊಂದು ಹೆಸರು ಕೂಗಿದರು. ತಲೆ ನೆರೆತವರು, ಕಂಕುಳಲ್ಲಿ ಮಗು ಹಿಡಿದವರು, ಮಣ್ಣಿನ ರಾಶಿಯ ಮೇಲಿಂದ ಕಣ್ಣು ಕೀಳದೆ 'ಹಾಜರ್ ಟೀಚರ್', 'ಹಾಜರ್ ಟೀಚರ್' ಎಂದರು. ಮುನಿಯಮ್ಮ ಪಾಟಿಯ ಹೆಸರಿಗೆ ಉತ್ತರ ಬರಲಿಲ್ಲ. ಮತ್ತೆ ಕೂಗಿದರು. ಇಲ್ಲ. ಮುದುಕಿ ತನ್ನ ಕೋಳಿಗಳನ್ನು ಬಿಟ್ಟು ಬಂದೆನೆಂದು ರಾತ್ರಿಯೆಲ್ಲ ಹಲುಬಿದ್ದಳು. ಸೆಲ್ವಿ ಹೊಳೆಯ ಕಡೆ ಓಡಲು ನೋಡಿದರು, ಅಪ್ಪ ತಡೆದರು. ಅಷ್ಟರಲ್ಲಿ ಮಲ್ಲಿಕಾ ಪ್ರಯೋಗಾಲಯದ ಬಾಗಿಲಿಂದ ಕೂಗಿದಳು: "ಇಲ್ಲೈತೆ ಟೀಚರ್! ಪಾಟಿ ಇಲ್ಲೇ ಮಲ್ಗೈತೆ!" ಕಿವಿ ಕೇಳದ ಮುದುಕಿ ಉದ್ದ ಮೇಜಿನ ಕೆಳಗೆ, ಸೆರಗು ಹೊದ್ದು, ಗೊರಕೆ ಹೊಡೆಯುತ್ತಿದ್ದಳು. ಟೀಚರ್ ಅವಳ ಪಕ್ಕ ನೆಲದ ಮೇಲೆ ಕೂತು, ಅವಳ ಕಾಲಿನ ಮೇಲೆ ಕೈ ಇಟ್ಟುಕೊಂಡು ಅತ್ತರು. ಮುದುಕಿಗೆ ಎಚ್ಚರವೇ ಆಗಲಿಲ್ಲ.

ಆಮೇಲೆ ಪತ್ರಿಕೆಯವರು ಬಂದರು, ಅಧಿಕಾರಿಗಳು ಬಂದರು. ಬೀಳುತ್ತದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಎಲ್ಲರೂ ಕೇಳಿದರು. "ಗೊತ್ತಿರ್ಲಿಲ್ಲ" ಎಂದು ಟೀಚರ್ ಎಲ್ಲರಿಗೂ ಹೇಳಿದರು. ಯಾರೂ ಅದನ್ನು ಅಚ್ಚು ಹಾಕಲಿಲ್ಲ. ಟೀಚರಿಗೆ ಬೆಟ್ಟದ ಮಾತು ಕೇಳಿಸುತ್ತದೆ ಎಂದು ಜನ ನಂಬಿದರು.

ನಾನು ಅವರನ್ನು ದೊಡ್ಡವರೆಂದು ತಿಳಿದದ್ದು ಇಷ್ಟಕ್ಕೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಪತ್ರಿಕೆಗಳಲ್ಲಿ ಬಂದದ್ದೇ ಸಾಕಿತ್ತು. ಮುಂದಿನ ಮಳೆಗಾಲದಲ್ಲಿ ನಡೆದದ್ದು ಎಲ್ಲೂ ಬರಲಿಲ್ಲ.

ಆ ವರ್ಷ ಬಿರುಕು ಕಂಡದ್ದು ಮೇಲಿನ ಕೇರಿಯ ಹಿಂದೆ. ಅಲ್ಲಿ ಇದ್ದವರು ಗದ್ದೆ, ಏಲಕ್ಕಿ, ದನಕರು ಇಟ್ಟುಕೊಂಡ ರೈತರು. ಟೀಚರ್ ಮತ್ತೆ ಗೂಟ ಹೊಡೆಸಿದರು, ಮತ್ತೆ ಹಲಗೆಯ ಮೂಲೆಯಲ್ಲಿ ಚುಕ್ಕೆಗಳು ಏರಿದವು, ಮತ್ತೆ ಗೆರೆ ಬಾಗಿತು. ಈ ಸಲ ಯಾರನ್ನೂ ಒಪ್ಪಿಸಬೇಕಾಗಲಿಲ್ಲ. ಟೀಚರ್ ಎದ್ದೇಳಿ ಎಂದರು, ಕೇರಿ ಎದ್ದಿತು. ನಾಟಿಗೆ ಕಿತ್ತ ಸಸಿಯ ಕಟ್ಟುಗಳನ್ನು ಗದ್ದೆಯಲ್ಲೇ ಬಿಟ್ಟು, ಕೊಟ್ಟಿಗೆಯ ಹಗ್ಗ ಬಿಚ್ಚಿ, ಎಲ್ಲರೂ ಶಾಲೆಗೆ ಬಂದರು.

ಗುಡ್ಡ ಬರಲಿಲ್ಲ.

ಒಂದು ದಿನ, ಎರಡು ದಿನ, ಒಂದು ವಾರ. ಮಳೆ ಕಡಿಮೆಯಾಯಿತು. ಸಸಿ ಕೊಳೆಯಿತು. ಬಿಟ್ಟ ದನಗಳು ಏಲಕ್ಕಿ ತೋಟ ತುಳಿದವು. ಕೇರಿಯ ತುತ್ತತುದಿಯ ಮನೆಯ ಮಲ್ಲಪ್ಪನವರ ಎಳೆಗರು ಹೊಳೆಗೆ ಬಿದ್ದು ಸತ್ತಿತು. ಆ ಬೆಳಿಗ್ಗೆ ಅವರು ನಮ್ಮ ಕ್ಲಾಸಿನ ಬಾಗಿಲಿಗೇ ಬಂದು ನಿಂತರು. ನಾನು ಆಗ ಹತ್ತನೆಯ ತರಗತಿ.

"ಏನಮ್ಮ, ಎಲ್ಲೈತೆ ನಿಮ್ ಗುಡ್ಡ? ಒಂದ್ಸಲ ಹೇಳಿದ್ದು ಸರಿಯಾಯ್ತು ಅಂತ ಊರನ್ನೇ ಕುಣಿಸ್ತಿದೀರಾ? ನನ್ ಕರು ಹೋಯ್ತು. ಗದ್ದೆ ಹೋಯ್ತು. ಯಾರು ಕೊಡ್ತಾರೆ?"

ಅವರ ಹಿಂದೆ ಇನ್ನೂ ಹತ್ತು ಜನ. ಟೀಚರ್ ಬಾಗಿಲಿಗೆ ಹೋದರು. ವೇಗೋತ್ಕರ್ಷ, ಅಂದಾಜು, ಮುನ್ನೆಚ್ಚರಿಕೆ, ಇಂಥ ಒಂದು ಮಾತನ್ನೂ ಆಡಲಿಲ್ಲ.

"ಕರು ಹೋದದ್ದು ನನ್ನ ಮಾತಿನಿಂದ," ಎಂದರು. "ಹೌದು. ನನ್ನ ಅಂದಾಜು ತಪ್ಪಿತು."

ಬಿಸಿಯೂಟದ ಅಡುಗೆಗೆ ಬರುತ್ತಿದ್ದ ಸೆಲ್ವಿ ಸೌಟು ಹಿಡಿದುಕೊಂಡೇ ಬಂದು, "ಬೈರಿ ಅಣ್ಣ, ಬೈರಿ. ಬೈದು ಹೋಗೋಕ್ಕೆ ನಿಮ್ಗೆ ಮನೆ ಐತೆ" ಎಂದರು. ಮಲ್ಲಪ್ಪನವರು ಅವರತ್ತ ಒಮ್ಮೆ ನೋಡಿ ಹೊರಟುಹೋದರು. ಆದರೆ ಜನರ ಸಿಟ್ಟು ಇಳಿಯಲಿಲ್ಲ. ಬಸ್ಸಿನಲ್ಲಿ, ಹಾಲಿನ ಡೈರಿಯಲ್ಲಿ, ಸೋಮವಾರದ ಸಂತೆಯಲ್ಲಿ ಟೀಚರ ಹೆಸರಿಗೆ ನಗುವವರಾದರು. ಅದನ್ನೆಲ್ಲ ಅವರು ತಮ್ಮ ಕರಿ ಕೊಡೆಯ ಕೆಳಗೆ ನಡೆದುಕೊಂಡೇ ಕೇಳಿದರು.

ಆ ಬೆಳಿಗ್ಗೆ ಬಾಗಿಲಿಂದ ಕ್ಲಾಸಿಗೆ ತಿರುಗಿ ಬಂದ ಟೀಚರ್ ಹಲಗೆಯ ಮೂಲೆ ತೋರಿಸಿದರು. ಬಾಗಿ ಎದ್ದಿದ್ದ ಗೆರೆ ಮೇಲೆ ಹೋಗುತ್ತ ಹೋಗುತ್ತ ಓರೆ ಕಳೆದುಕೊಂಡು, ಕೊನೆಯ ಚುಕ್ಕೆಗಳಲ್ಲಿ ಮಟ್ಟಸವಾಗಿ ಮಲಗಿತ್ತು.

"ಇದು ಎಂತ?"

"ಋಣ ವೇಗೋತ್ಕರ್ಷ," ಎಂದೆವು.

"ಆಮೇಲೆ?"

"ನಿಂತಿದೆ."

"ನಿಂತಿದೆ," ಎಂದು ಅವರೂ ಹೇಳಿದರು. ಅವರ ಕಣ್ಣಲ್ಲಿ ಸೋಲು ಇರಲಿಲ್ಲ. ಎಷ್ಟು ಹುಡುಕಿದರೂ ನನಗೆ ಅದು ಕಾಣಲಿಲ್ಲ. ತಮ್ಮ ಮಾತು ಸುಳ್ಳಾದದ್ದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಈವರೆಗೆ ನೋಡಿಲ್ಲ.

ಇನ್ನೂ ಕಷ್ಟದ ಮಾತು ಮುಂದೆ ಇತ್ತು. ಸಂಜೆ ಕೇರಿಯವರೆಲ್ಲ ಶಾಲೆಯ ಅಂಗಳದಲ್ಲಿ ಸೇರಿದರು. ಮಳೆಗಾಲ ಇನ್ನೂ ಅರ್ಧ ಬಾಕಿ. ಮನೆ ಬಿಟ್ಟು ಹೊರಡಿ ಎಂದವರೇ ಈಗ ವಾಪಸ್ ಹೋಗಿ ಎನ್ನಬೇಕು. ಅಪ್ಪ ಒಂದು ಬದಿಗೆ ನಿಂತು, ಟೀಚರ್ ಯಾವುದನ್ನು ಹೇಳಿದರೂ ಅದರ ಭಾರ ಅವರೊಬ್ಬರ ತಲೆಯ ಮೇಲೆ ಎಂದು ಅಮ್ಮನ ಹತ್ತಿರ ಪಿಸುಗುಟ್ಟುತ್ತಿದ್ದರು.

"ನೀವು ವಾಪಸ್ ಹೋಗ್ಬಹುದು ಅಂತ ನನಗೆ ಕಾಣ್ತದೆ," ಎಂದರು ಟೀಚರ್. "ಮತ್ತೆ ಹೆಚ್ಚಿದ್ರೆ ಮತ್ತೆ ಹೇಳ್ತೇನೆ."

ಮಲ್ಲಪ್ಪನವರು ನಕ್ಕರು. ಒಳ್ಳೆಯ ನಗುವಲ್ಲ. "ನಿಮ್ಗೇನು, ಹೇಳ್ತೀರ. ಪೇಟೇಲಿ ಮನೆ ಮಾಡ್ಕೊಂಡಿದೀರ. ನಾಳೆ ನಾನ್ ಮಲ್ಗಿದ್ದಾಗ ಬಂದ್ರೆ?"

"ಸರಿ ಕೇಳಿದ್ರಿ" ಎಂದು ಹೇಳಿ ಟೀಚರ್ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬೇಜಾರಾಗಿ ಹೋದರು ಎಂದುಕೊಂಡೆವು. ಜನ ಅಲ್ಲೇ ಗುಂಪು ಗುಂಪಾಗಿ ನಿಂತು ಹೋಗುವುದೋ ಬೇಡವೋ ಎಂದು ಚರ್ಚೆ ಮಾಡುತ್ತಿದ್ದರು. ಅರ್ಧಕ್ಕರ್ಧ ಜನ ಗಂಟು ಕಟ್ಟಿ ಮುಗಿಸುವಷ್ಟರಲ್ಲಿ ಬಸಪ್ಪನ ಬಸ್ಸು ಪೇಟೆಯಿಂದ ವಾಪಸ್ ಬಂತು. ಟೀಚರ್ ಇಳಿದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಸುತ್ತಿದ ಚಾಪೆ.

"ನಿಮ್ಮ ಮನೆಯೇ ಅಲ್ವಾ ಬಿರುಕಿಗೆ ಎಲ್ಲದಕ್ಕಿಂತ ಹತ್ರ?" ಎಂದು ಮಲ್ಲಪ್ಪನವರನ್ನು ಕೇಳಿದರು. "ಮಳೆ ಮುಗಿಯುವವರೆಗೆ ನನಗೆ ಒಂದು ಮೂಲೆ ಕೊಡಿ."

ಮಲ್ಲಪ್ಪನವರ ಹೆಂಡತಿ ಗಿರಿಜಮ್ಮ ಮುಂದೆ ಬಂದು ಟೀಚರ ಕೈಯಿಂದ ಚಾಪೆ ತೆಗೆದುಕೊಂಡರು.

ಆ ಮಳೆಗಾಲ ಪೂರ್ತಿ ಟೀಚರ್ ಅಲ್ಲೇ ಇದ್ದರು. ಗುಡ್ಡದ ಕಡೆಯ ಗೋಡೆಗೆ ಒರಗಿದ ಕೋಣೆಯನ್ನೇ ಕೇಳಿ ಪಡೆದರು. ಬೆಳಿಗ್ಗೆ ಎದ್ದು ಗೂಟ ಅಳೆದು ಶಾಲೆಗೆ, ಸಂಜೆ ಗೂಟ ಅಳೆದು ಮನೆಗೆ. ಮೊದಲ ಕೆಲವು ದಿನ ಮಲ್ಲಪ್ಪನವರು ಅವರೊಡನೆ ಮಾತಾಡಲಿಲ್ಲ. ಒಂದು ದಿನ ಜಡಿಮಳೆಯಲ್ಲಿ ಟೀಚರ್ ಹತ್ತಿ ಹೋಗುವಾಗ, ಅವರೂ ಕಂಬಳಿಕೊಪ್ಪೆ ಹಾಕಿಕೊಂಡು ಹಿಂದೆಯೇ ಹೋಗಿ ಟೇಪಿನ ಇನ್ನೊಂದು ತುದಿ ಹಿಡಿದರು. ಅಂದಿನಿಂದ ಅದು ಅವರ ಕೆಲಸವಾಯಿತು. ಮಳೆಯ ಆರ್ಭಟ ಹೆಚ್ಚಾದಾಗ ನಿಮಗೆ ಹೆದರಿಕೆಯಾಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಆಗ್ತದೆ. ಅದಕ್ಕೇ ಸರಿಯಾಗಿ ಅಳೀತೇನೆ" ಎಂದಿದ್ದರು.

ಆ ದಿನಗಳಲ್ಲಿ ನಾವು ಬಾಡಿಗೆಗಿದ್ದ ಮನೆಯ ಜಗಲಿಯಿಂದ ಮೇಲಿನ ಕೇರಿ ಕಾಣುತ್ತಿತ್ತು. ಸಂಜೆ ಕತ್ತಲಿಳಿಯುವಾಗ ಮಳೆ ಜೋರಾದರೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಗುಡ್ಡವನ್ನು ಅವರು ನೋಡುತ್ತಿರಲಿಲ್ಲ. ತುತ್ತತುದಿಯ ಮನೆಯ ಹಿಂದಿನ ಕೋಣೆಯ ಮಗ್ಗುಲಿನ ಸಣ್ಣ ಕಿಟಕಿಯನ್ನು ನೋಡುತ್ತಿದ್ದರು. ಅಲ್ಲಿ ದೀಪವಿರುತ್ತಿತ್ತು, ಉತ್ತರ ಪತ್ರಿಕೆಗಳ ಮೇಲೆ ಬಗ್ಗಿದ ಒಂದು ಗಿಡ್ಡ ನೆರಳು. ಅದನ್ನು ಕಂಡು ಅವರು ಬಾಗಿಲು ಹಾಕಿಕೊಂಡು, ಮಕ್ಕಳಿಗೆ ಊಟಕ್ಕಿಡಲು ಒಳಗೆ ಹೋಗುತ್ತಿದ್ದರು.